ಮೂವತ್ತೆರಡನೆಯ ಗಾಡಿ

ಗಾಡಿಯ ಹೊಟ್ಟೆಯ ಕೆಳಗೆ ಅಂಗಾತ ಮಲಗಿಕೊಂಡ ಮೇಲೆಯೇ ಇನ್‌ಸ್ಪೆಕ್ಟರಿಗೆ ನೆನಪಾದದ್ದು, ತಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದೇನೆ ಎಂದು. ಈಗ ಏಳುವುದೂ ಮರ್ಯಾದೆಯಲ್ಲ, ಮಲಗಿರುವುದೂ ಮರ್ಯಾದೆಯಲ್ಲ. ಬೇರೆ ಗಾಡಿಗಳಾಗಿದ್ದರೆ ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಒಂದು ಕಣ್ಣು ಮುಚ್ಚಿ ನೋಡಿ ಮುಗಿಸುತ್ತಿದ್ದ. ಈ ಜೀಪನ್ನು ಎಷ್ಟು ಎತ್ತರಿಸಿದ್ದರೆಂದರೆ ಕೆಳಗೆ ಚಾಪೆ ಹಾಸಿ ಸಂಸಾರ ಹೂಡಬಹುದಿತ್ತು. ಮಲಗಿದಲ್ಲಿಂದ ಎರಡು ಜೊತೆ ಕಾಲು ಕಾಣುತ್ತಿದ್ದವು. ಒಂದು ಜೊತೆ ಗಾಡಿಯ ಒಡೆಯನಾದ ಹಲ್ಲಿನ ಡಾಕ್ಟರದು, ಭಾನುವಾರದ ರಬ್ಬರ್ ಚಪ್ಪಲಿಯಲ್ಲಿ. ಇನ್ನೊಂದು ಜೊತೆ ತನ್ನ ಹೆಂಡತಿಯದು, ಹಿಮ್ಮಡಿ ಸವೆದ ಕಪ್ಪು ಬೂಟಿನಲ್ಲಿ. ಆ ಬಲಗಾಲಿನ ಬೂಟು ನೆಲವನ್ನು ಮೆಲ್ಲಗೆ ತಟ್ಟುತ್ತಿತ್ತು. ಇಪ್ಪತ್ತಮೂರು ವರ್ಷ ಜೊತೆಗಿದ್ದವನಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. "ಇವತ್ತು ಒಂದೇ ಮಾತು," ಎಂದಿದ್ದಳು ಬೆಳಿಗ್ಗೆ, ತಲೆ ಬಾಚಿಕೊಳ್ಳುತ್ತಾ, ಕನ್ನಡಿಯೊಳಗಿನ ಅವನಿಗೆ. "ಹೂಂ ಅಂದ್ರೆ ಹೂಂ, ಉಹೂಂ ಅಂದ್ರೆ ಉಹೂಂ. ಉಹೂಂ ಅಂದ್ರೆ ಅಲ್ಲಿಗೆ ಮುಗೀತು. ಇನ್ನು ಗಾಡಿ ನೋಡೋಕೆ ಅಂತ ನಾನು ಹೊಸಿಲು ದಾಟಲ್ಲ. ಮೂವತ್ತೊಂದು ನೋಡಿದ್ದಾಯ್ತು, ಹೆಣ್ಣು ನೋಡೋಕೂ ಯಾರೂ ಇಷ್ಟು ಅಲೆಯಲ್ಲ."

ಇನ್‌ಸ್ಪೆಕ್ಟರ್ ಎಂದರೆ ಪೊಲೀಸಿನವನಲ್ಲ. ಈ ತಿದ್ದುಪಡಿಯನ್ನು ಅವನು ಜೀವನದಲ್ಲಿ ಎಷ್ಟು ಸಲ ಮಾಡಿದ್ದಾನೋ ಅವನಿಗೇ ಲೆಕ್ಕವಿಲ್ಲ. ಇನ್‌ಸ್ಪೆಕ್ಟರ್ ಎಂದ ಕೂಡಲೇ ಜನ ದಡಬಡಿಸಿ ಎದ್ದು ನಿಲ್ಲುತ್ತಿದ್ದರು. ತೂಕ ಮತ್ತು ಅಳತೆಯ ಇಲಾಖೆ ಎಂದ ಕೂಡಲೇ ಮತ್ತೆ ಕುಳಿತುಕೊಳ್ಳುತ್ತಿದ್ದರು. ಎದ್ದದ್ದಕ್ಕೆ ನಾಚಿಕೊಂಡು, ಆ ನಾಚಿಕೆಯ ಸಿಟ್ಟನ್ನೂ ಅವನ ಮೇಲೆಯೇ ತೀರಿಸಿಕೊಳ್ಳುತ್ತಿದ್ದರು. ಅಂಗಡಿಗಳ ತಕ್ಕಡಿ, ಬಂಕುಗಳ ಪಂಪು, ಬಟ್ಟೆಯಂಗಡಿಯ ಗಜಕೋಲು, ಟ್ಯಾಕ್ಸಿಗಳ ಮೀಟರು, ಎಲ್ಲವನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಒತ್ತುವುದು ಅವನ ಕೆಲಸ. ಮನೆಯಲ್ಲೂ ಅವನ ಮಾತಿಗೆ ಆ ಮುದ್ರೆಯ ಬೆಲೆಯಿತ್ತು. ಪರದೆ ನಾಲ್ಕು ಬೆರಳು ಕಡಿಮೆ ಎಂದರೆ ಹೆಂಡತಿ ಅಳೆಯಲು ಹೋಗುತ್ತಿರಲಿಲ್ಲ, ನೇರ ಅಂಗಡಿಗೆ ಹೋಗಿ ಜಗಳ ತೆಗೆಯುತ್ತಿದ್ದಳು. ಹಾಗೆಂದೇ ಮೂರು ವರ್ಷದಿಂದ ಇವನು ಒಂದೊಂದೇ ಗಾಡಿಗೆ ಒಂದೊಂದು ಕುಂದು ಹೇಳುತ್ತ ಬಂದಾಗಲೂ ಮರುಮಾತಾಡದೆ, ತಮ್ಮ ಪುಟ್ಟ ಕಾರಿನ ಬಾಗಿಲು ತೆಗೆದು ಕುಳಿತು ವಾಪಸು ಓಡಿಸಿಕೊಂಡು ಬಂದಿದ್ದಳು. ಓಡಿಸುವವಳು ಅವಳೇ. ಇವನು ಪಕ್ಕದಲ್ಲಿ ಅವಳ ಚೀಲ ತೊಡೆಯ ಮೇಲಿಟ್ಟುಕೊಂಡು ಕೂರುವವನು. ಹರೆಯದಲ್ಲಿ ಲೈಸೆನ್ಸಿನ ಪರೀಕ್ಷೆಗೆ ಹೋಗಿದ್ದ. ಎರಡು ಕಂಬಗಳ ನಡುವೆ ಕಾರು ನುಗ್ಗಿಸು ಎಂದರೆ ಕೆಳಗಿಳಿದು, ಕಂಬಗಳ ಅಂತರವನ್ನು ಹೆಜ್ಜೆ ಹಾಕಿ ಅಳೆದು, ಮತ್ತೆ ಹತ್ತಿ, ಮತ್ತೆ ಇಳಿದ. ಪರೀಕ್ಷೆ ಮಾಡುವವನು ತನ್ನ ಡಬ್ಬಿ ಬಿಚ್ಚಿ ಊಟಕ್ಕೆ ಕುಳಿತುಬಿಟ್ಟ. "ನೀವು ಅಳೆದು ಮುಗಿಸಿ ಸಾರ್, ನಾನು ಕೈ ತೊಳೆದು ಬರ್ತೀನಿ" ಎಂದವನ ದನಿ ಇವತ್ತಿಗೂ ಕಿವಿಯಲ್ಲಿದೆ.

"ಕೆಳಗೆ ಎಲ್ಲಾ ಸರಿ ಇದೆಯಾ ಸಾರ್?" ಎಂದ ಹಲ್ಲಿನ ಡಾಕ್ಟರು, ಬಗ್ಗದೆ. ಅವನು ಬಗ್ಗುವಂತಿರಲಿಲ್ಲ, ಬೆನ್ನೆಲುಬು ಸರಿದಿತ್ತು. ಗಾಡಿ ಮಾರಲು ಕಾರಣವೂ ಅದೇ. ಇನ್ನು ಮೇಲೆ ಮೈ ಕುಲುಕುವ ಯಾವ ಸವಾರಿಯೂ ಕೂಡದು ಎಂದು ಮೂಳೆಯ ಡಾಕ್ಟರು ಹಲ್ಲಿನ ಡಾಕ್ಟರಿಗೆ ಹೇಳಿದ್ದನಂತೆ. "ಇದರ ಒಂದೊಂದು ಸಾಮಾನನ್ನೂ ನಾನೇ ನಿಂತು ಹಾಕಿಸಿದ್ದು," ಎನ್ನುತ್ತ ಅವನು ಗಾಡಿಯ ಸುತ್ತ ನಡೆದ. ಅವನ ಚಪ್ಪಲಿಯನ್ನು ಇನ್‌ಸ್ಪೆಕ್ಟರ್ ಕೆಳಗಿನಿಂದಲೇ ಹಿಂಬಾಲಿಸಿದ. ಮುಂದೆ ಉಕ್ಕಿನ ದಪ್ಪ ಬಂಪರು, ಅದರ ನಡುವೆ ಕೆಸರಿನಲ್ಲಿ ಹೂತರೆ ಎಳೆದುಕೊಳ್ಳಲು ತಂತಿಹಗ್ಗ ಸುತ್ತಿದ ರಾಟೆ, ಪಕ್ಕದಲ್ಲಿ ಮೂಗಿನ ಹಾಗೆ ಮೇಲಕ್ಕೆ ಏರಿಸಿದ ಕೊಳವೆ. "ಸೊಂಟದ ಮಟ್ಟ ನೀರಿಗಿಳಿದ್ರೂ ಇಂಜಿನ್ನು ಉಸಿರಾಡುತ್ತೆ ಮೇಡಂ." "ನೀರಿಗೆ ಇಳಿಸಿದ್ರಾ ಯಾವತ್ತಾದ್ರೂ?" ಎಂದು ಹೆಂಡತಿ ಕೇಳಿದಳು. "ಇಲ್ಲ," ಎಂದ ಡಾಕ್ಟರು ಪ್ರಾಮಾಣಿಕವಾಗಿ. "ಕ್ಲಿನಿಕ್ಕಿಗೆ ಹೋಗ್ತಿದ್ದೆ, ಬರ್ತಿದ್ದೆ. ಒಂದು ಸಲ ಒಬ್ಬರ ಮದುವೆಗೆ ಹೋಗಿದ್ದೆ." ಹೆಂಡತಿ ನಕ್ಕಳು. ಬಾಯಿಯ ಸದ್ದಿಲ್ಲದೆ ಹೊಟ್ಟೆಯಿಂದ ಬರುವ ಆ ನಗೆ ಬೂಟಿನ ತುದಿಯಲ್ಲೂ ಕಾಣಿಸಿತು. ಅಪರಿಚಿತನ ಮಾತಿಗೆ ಹಾಗೆ ನಕ್ಕಳಲ್ಲ ಎಂದು ಇನ್‌ಸ್ಪೆಕ್ಟರಿಗೆ ಸಣ್ಣ ಮುಳ್ಳು ಚುಚ್ಚಿದಂತಾಯಿತು. ಅದನ್ನು ಮರೆಸಲು ಅವನು ಚಾಸಿಯ ಒಂದು ಬೆಸುಗೆಯನ್ನು ಉಗುರಿನಿಂದ ಕೆರೆದ. ಬೆಸುಗೆ ಗಟ್ಟಿಯಾಗಿತ್ತು. ಎಲ್ಲಿಯೂ ಎಣ್ಣೆ ಸೋರಿರಲಿಲ್ಲ, ತುಕ್ಕು ಹಿಡಿದಿರಲಿಲ್ಲ. ಇಷ್ಟು ನಿಷ್ಕಳಂಕವಾದ ಹೊಟ್ಟೆಯನ್ನು ಅವನು ಈ ಮೂರು ವರ್ಷದಲ್ಲಿ ನೋಡಿರಲಿಲ್ಲ, ಮತ್ತು ಅದಕ್ಕೆ ಅವನಿಗೆ ಸಂತೋಷವಾಗುವುದರ ಬದಲು ಎದೆ ಧಸಕ್ಕೆಂದಿತು.

ಯಾಕೆ ಧಸಕ್ಕೆನ್ನಬೇಕು? ಅಂಗಿ ಕೊಡವಿಕೊಂಡು ಎದ್ದು ನಿಂತಾಗಲೂ ಆ ಪ್ರಶ್ನೆ ಅವನ ಬೆನ್ನಿಗೇ ಅಂಟಿಕೊಂಡು ಎದ್ದಿತು. ಮೊದಲನೆಯ ಗಾಡಿಯ ಬಾಗಿಲಲ್ಲಿ ಸಂದಿಯಿತ್ತು, ಸರಿ. ಮೂರನೆಯದಕ್ಕೆ ಅಪಘಾತವಾಗಿತ್ತು, ಬಣ್ಣ ಬಳಿದು ಮುಚ್ಚಿದ್ದರು, ಅದನ್ನೂ ಹಿಡಿದ. ಹನ್ನೊಂದನೆಯದರ ಕುಂದೇನು? ಹಾರ್ನಿನ ದನಿ ಕೀರಲು. ಹತ್ತೊಂಬತ್ತನೆಯದು? ಸೀಟಿನ ಬಟ್ಟೆಗೆ ನಾಯಿ ವಾಸನೆ. ಇಪ್ಪತ್ತಾರನೆಯದರಲ್ಲಿ ಏನೂ ಸಿಕ್ಕದೆ, ಮಾರುವವನ ಕಣ್ಣು ಸರಿಯಿಲ್ಲ ಎಂದುಬಿಟ್ಟಿದ್ದ. ಹೆಂಡತಿ ಅದನ್ನೂ ನಂಬಿದ್ದಳು. ಅವಳಿಗೆ ಗಾಡಿ ಬೇಕಾದದ್ದು ಷೋಕಿಗಲ್ಲ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸು ಅವಳು. ಹಾಸಿಗೆ ಹಿಡಿದವರಿಗೆ ಡ್ರೆಸ್ಸಿಂಗ್ ಬದಲಿಸಿ, ಇಂಜೆಕ್ಷನ್ ಕೊಟ್ಟು, ಅವರ ದೂರುಗಳನ್ನು ಕೇಳಿಸಿಕೊಂಡು ಬರಬೇಕು. ಅವಳ ಪಾಲಿಗೆ ಬಂದಿದ್ದ ಮನೆಗಳಲ್ಲಿ ಅರ್ಧಕ್ಕರ್ಧ ಗುಡ್ಡದ ಮೇಲಿದ್ದವು. ತಾರು ರಸ್ತೆ ಗುಡ್ಡದ ಬುಡಕ್ಕೆ ಮುಗಿಯುತ್ತಿತ್ತು. ಮುಂದೆ ಕಲ್ಲು, ಕೊರಕಲು. ಪುಟ್ಟ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು. ಹಾಗಾಗಿ ಅಲ್ಲೇ ಕಾರು ನಿಲ್ಲಿಸಿ, ಚೀಲ ಹೆಗಲಿಗೇರಿಸಿ ನಡೆಯುತ್ತಿದ್ದಳು. ಸಂಜೆ ಮನೆಗೆ ಬಂದು ಬೂಟು ಬಿಚ್ಚಿದರೆ ಪಾದ ಬನ್ನಿನಂತೆ ಊದಿರುತ್ತಿತ್ತು. ಇನ್‌ಸ್ಪೆಕ್ಟರ್ ಟಬ್ಬಿನಲ್ಲಿ ಬಿಸಿನೀರು ತುಂಬಿ, ಥರ್ಮಾಮೀಟರಿನಿಂದ ನೋಡಿ, ನಲವತ್ತು ಡಿಗ್ರಿಗಿಂತ ಒಂದು ಗೆರೆಯೂ ಹೆಚ್ಚಿಲ್ಲದಂತೆ ಹದ ಮಾಡಿ, ಅವಳ ಕಾಲನ್ನು ತಾನೇ ಎತ್ತಿ ಇಡುತ್ತಿದ್ದ. ಅವಳು ಕಣ್ಣು ಮುಚ್ಚಿ "ಹಾ" ಎನ್ನುತ್ತಿದ್ದಳು. ಇಡೀ ದಿನ ಯಾರೂ ಅವನಿಗೆ ಹಾ ಎನ್ನುತ್ತಿರಲಿಲ್ಲ. ಅಂಗಡಿಯವರು ಅವನನ್ನು ಕಂಡರೆ ಮುಖ ಗಂಟಿಕ್ಕುತ್ತಿದ್ದರು, ಮೇಲಧಿಕಾರಿ ಗಡಿಯಾರ ನೋಡುತ್ತಿದ್ದ.

"ಇದರ ಟೈರು ಕಂಪನಿಯದಲ್ಲ, ಅಲ್ವಾ?" ಎಂದ ಇನ್‌ಸ್ಪೆಕ್ಟರ್ ಇದ್ದಕ್ಕಿದ್ದಂತೆ. ತಾನೇ ಆಡಿದ ಮಾತಿಗೆ ಅವನ ಕಿವಿ ನಿಮಿರಿತು. "ಅಯ್ಯೋ, ಅದೆಲ್ಲಾ ತಗೊಂಡ ಮೊದಲನೇ ವಾರವೇ ಕಿತ್ತು ಹಾಕಿಸಿದೆ," ಎಂದ ಡಾಕ್ಟರು ಹೆಮ್ಮೆಯಿಂದ. "ಕಂಪನಿಯವರು ಕೊಟ್ಟಿದ್ದು ಹಾಲುಹಲ್ಲು. ಇವು ದವಡೆಹಲ್ಲು." ಮೊದಲನೇ ವಾರ! ಇನ್‌ಸ್ಪೆಕ್ಟರಿನ ಮೈಯಲ್ಲಿ ಹಳೆಯ ಟ್ಯಾಕ್ಸಿ ಮೀಟರಿನ ವಿದ್ಯೆಯೆಲ್ಲ ದಿಗ್ಗನೆ ಎದ್ದು ಕೂತಿತು. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತದೆ; ಮೀಟರಿಗೆ ಅದು ಗೊತ್ತಿಲ್ಲ, ಪಾಪ, ಅದು ಹಳೆಯ ಚಕ್ರದ ಲೆಕ್ಕವನ್ನೇ ಎಣಿಸುತ್ತಾ ಕೂತಿರುತ್ತದೆ. ಅವನು ಜೇಬಿನಿಂದ ಸರ್ಕಾರಿ ಮುದ್ರೆಯ ಉಕ್ಕಿನ ಟೇಪು ತೆಗೆದ. ಗುರುತು ಮಾಡಲು ಏನೂ ಇರಲಿಲ್ಲ. ಹೆಂಡತಿಯ ಚೀಲದಿಂದ ಗಾಯಕ್ಕೆ ಅಂಟಿಸುವ ಬಿಳಿ ಪ್ಲಾಸ್ಟರು ಈಸಿಕೊಂಡು, ಟೈರು ನೆಲಕ್ಕೆ ತಾಗುವ ಜಾಗಕ್ಕೊಂದು, ನೆಲಕ್ಕೊಂದು ಅಂಟಿಸಿದ. "ಗಾಯ ಆಗಿದೆಯಾ?" ಎಂದು ಡಾಕ್ಟರು ಗಾಬರಿಯಾದ. "ನೀನು ಹತ್ತು," ಎಂದ ಇನ್‌ಸ್ಪೆಕ್ಟರ್ ಹೆಂಡತಿಗೆ. "ಮೆಲ್ಲಗೆ ಮುಂದಕ್ಕೆ ತಗೋ. ಈ ಪ್ಲಾಸ್ಟರು ಒಂದು ಸುತ್ತು ತಿರುಗಿ ಮತ್ತೆ ನೆಲಕ್ಕೆ ಬರಬೇಕು. ನಾನು ಹೇಳಿದಾಗ ನಿಲ್ಲಿಸು."

ಹೆಂಡತಿ ಕುಳ್ಳಿ, ಗಾಡಿಯ ಕಿಟಕಿ ಅವಳ ನೆತ್ತಿಗಿಂತ ಮೇಲಿತ್ತು. ಹತ್ತಲಾರಳು, ಇಗೋ ಇದೇ ಒಂದು ಕುಂದಾಯಿತು ಎಂದು ಅವನ ಮನಸ್ಸು ಒಂದು ಕ್ಷಣ ಕುಣಿದದ್ದು ಸುಳ್ಳಲ್ಲ. ಅವಳು ಚೀಲವನ್ನು ಅವನ ಕೈಗೆ ಕೊಟ್ಟಳು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು, ಬಾಗಿಲ ಹಿಡಿ ಹಿಡಿದು ಒಂದೇ ಜೀಕಿಗೆ ಮೇಲಿದ್ದಳು. ಐವತ್ತರ ಹೆಂಗಸು ಹೀಗೆ ಹಾರುತ್ತಾಳೆಂದು ಯಾವ ಟೇಪು ಹೇಳಿತ್ತು? ಗುಡ್ಡ ಹತ್ತಿ ಹತ್ತಿ ಕಾಲಿಗೆ ಬಂದ ಕಸುವು ಅದು ಎಂದು ಅವನಿಗೆ ಹೊಳೆದು ಮುಖ ಬಿಸಿಯಾಯಿತು. "ರೀ! ಕಾಂಪೌಂಡಿನ ಆಚೆ ಕಾಣ್ತಿದೆ ಇಲ್ಲಿಂದ," ಎಂದು ಅವಳು ಮೇಲಿನಿಂದ ಕೂಗಿದಳು. "ಪಕ್ಕದ ಮನೆಯವರು ಬಟ್ಟೆ ಒಣಗಿಸಿದ್ದಾರೆ. ಅದರಾಚೆ ರಸ್ತೆ, ಅದರಾಚೆ ಗುಡ್ಡ, ನೋಡಿ ಬೇಕಾದ್ರೆ!" ಅವನು ಕೆಳಗಿದ್ದ, ಅವನಿಗೆ ಕಂಡದ್ದು ಟೈರು. ಗಾಡಿ ಗುರುಗುಟ್ಟಿ ಹೊರಳಿತು. ಬಿಳಿ ಪ್ಲಾಸ್ಟರು ಮೇಲೆ ಹೋಯಿತು, ತಲೆಕೆಳಗಾಯಿತು, ಇಳಿದು ಬಂತು. "ನಿಲ್ಲಿಸು!" ನಿಲ್ಲಿಸಿದಳು. ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಮಂಡಿಯೂರಿ ಅಳೆದ: ಎರಡು ಮೀಟರು, ಅರವತ್ತು ಸೆಂಟಿಮೀಟರು. ಕಂಪನಿಯ ಪುಸ್ತಕದಲ್ಲಿದ್ದದ್ದು ಎರಡು ಮೀಟರು, ಇಪ್ಪತ್ತೆಂಟು. ನೂರಕ್ಕೆ ಹದಿನಾಲ್ಕು. ಮೀಟರು ನೂರು ಕಿಲೋಮೀಟರು ತೋರಿಸಿದರೆ ಗಾಡಿ ನೂರಾ ಹದಿನಾಲ್ಕು ಓಡಿದೆ ಎಂದರ್ಥ. ಮೀಟರು ತೋರಿಸುವ ಅರವತ್ತು ಸಾವಿರದ ಹಿಂದೆ ಎಂಟು ಸಾವಿರಕ್ಕೂ ಮಿಕ್ಕಿದ ಸುಳ್ಳು ಅಡಗಿ ಕೂತಿದೆ.

ಸಿಕ್ಕಿತು. ಅವನ ಎದೆಯಿಂದ ಒಂದು ಚಪ್ಪಡಿ ಸರಿದಂತಾಯಿತು. ನಾಯಿ ವಾಸನೆಯಲ್ಲ, ಕೀರಲು ದನಿಯಲ್ಲ. ಕಾನೂನಿನ ಕಣ್ಣಿಗೆ ಕಾಣುವ, ಟೇಪಿನಿಂದ ಅಳೆದ, ಕೋರ್ಟಿನಲ್ಲೂ ನಿಲ್ಲುವ ಕುಂದು. ಹಾಗೆ ಮಂಡಿಯೂರಿದಲ್ಲೇ, ಯಾಕೋ, ಮೊಳೆ ಅಂಗಡಿಯ ಮುದುಕ ಎದುರಿಗೆ ಬಂದು ನಿಂತ. ಕಿಲೋಗೆ ಮೂವತ್ತು ಗ್ರಾಂ ತಪ್ಪು ತೋರಿಸುತ್ತಿದ್ದ ಅವನ ತಕ್ಕಡಿಯನ್ನು ಇವನು ಸೀಲು ಮಾಡಿಸಿದ್ದ. ತಪ್ಪು ಗಿರಾಕಿಯ ಕಡೆಗಿತ್ತು. ಕೊಂಡವರೆಲ್ಲ ಮೂವತ್ತು ಗ್ರಾಂ ಮೊಳೆಯನ್ನು ಪುಕ್ಕಟೆ ಒಯ್ಯುತ್ತಿದ್ದರು. "ನಮ್ಮಪ್ಪನ ಕಾಲದಿಂದ ಹಾಗೇ ಇದೆ, ನನಗೂ ಗೊತ್ತು. ಇದರಲ್ಲಿ ಮೋಸ ಆಗಿದ್ದು ಯಾರಿಗೆ ಸ್ವಾಮಿ?" ಎಂದು ಮುದುಕ ಕೇಳಿದ್ದ. "ಅಳತೆಗೆ," ಎಂದು ಇವನು ಗಂಟಲು ಸರಿಪಡಿಸಿಕೊಂಡು ಹೇಳಿದ್ದ. ಆಗ ಅದು ಬಹಳ ದೊಡ್ಡ ಮಾತೆನಿಸಿತ್ತು. ಮನೆಗೆ ಬಂದು ಹೆಂಡತಿಗೂ ಹೇಳಿದ್ದ. ಅವಳು ಟಬ್ಬಿನಲ್ಲಿ ಕಾಲಿಟ್ಟುಕೊಂಡು, "ಸರಿಯಾಗಿದ್ದ ಮನುಷ್ಯನ್ನ ಹಿಡಿದುಹಾಕೋಕೂ ನಿಮ್ಮ ಅಳತೆ ಬರುತ್ತೆ ಅನ್ನಿ," ಎಂದಿದ್ದಳು, ಅಷ್ಟೇ. ಅಳತೆ ಸರಿಯಾಗಿಯೇ ಇತ್ತು. ಈಗಲೂ ಸರಿಯಾಗಿಯೇ ಇದೆ. ಮತ್ತೆ ಈ ಬೆವರು ಯಾಕೆ?

"ಏನಂತೀರಿ? ಹೂಂನೋ ಉಹೂಂನೋ?" ಹೆಂಡತಿ ಕಿಟಕಿಯಿಂದ ಬಗ್ಗಿದಳು. ಎರಡೂ ಕೈ ಇನ್ನೂ ಸ್ಟಿಯರಿಂಗಿನ ಮೇಲೇ ಇದ್ದವು. ಮುಖ ಕೆಂಪಗಾಗಿತ್ತು. ಇಪ್ಪತ್ತಮೂರು ವರ್ಷದಲ್ಲಿ ಆ ಮುಖವನ್ನು ಕೆಳಗಿನಿಂದ ನೋಡಿದ್ದು ಅವನಿಗೆ ಇದೇ ಮೊದಲು.

"ಮೀಟರ್ ಸುಳ್ಳು ಹೇಳುತ್ತೆ," ಎಂದ ಇನ್‌ಸ್ಪೆಕ್ಟರ್. "ನೂರಕ್ಕೆ ಹದಿನಾಲ್ಕು."

ಹಲ್ಲಿನ ಡಾಕ್ಟರು ಬಾಯಿ ತೆರೆದ. ಅವನಿಗೆ ಇದು ನಿಜವಾಗಿಯೂ ಗೊತ್ತಿರಲಿಲ್ಲ. ಹೆಂಡತಿ ಏನೂ ಕೇಳಲಿಲ್ಲ. ಹದಿನಾಲ್ಕು ಅಂದರೆ ಏನು, ಅದರಿಂದ ಏನಾಗುತ್ತದೆ, ರಿಪೇರಿಯಾಗುತ್ತದೋ ಇಲ್ಲವೋ, ಒಂದೂ ಕೇಳಲಿಲ್ಲ. ಕೀಲಿ ತಿರುಗಿಸಿ ಇಂಜಿನ್ನು ಆರಿಸಿದಳು. ಒಂದು ಸಲ ಕಾಂಪೌಂಡಿನ ಆಚೆ ನೋಡಿದಳು. ಆಮೇಲೆ ಬಾಗಿಲು ತೆರೆದು, ಹಿಂದಕ್ಕೆ ತಿರುಗಿ, ಸವೆದ ಬೂಟಿನಿಂದ ಮೆಟ್ಟಿಲನ್ನು ತಡಕಾಡತೊಡಗಿದಳು. ಹತ್ತುವಾಗ ಒಂದೇ ಜೀಕಿಗೆ ಹತ್ತಿದವಳಿಗೆ ಇಳಿಯುವಾಗ ಮೆಟ್ಟಿಲೇ ಸಿಗಲಿಲ್ಲ. ಅವನ ಮಾತಿಗೆ ಅವಳಿಟ್ಟಿದ್ದ ನಂಬಿಕೆಯಷ್ಟೂ ಆ ಬೂಟಿನಲ್ಲಿ ತಡಕಾಡುತ್ತಿತ್ತು, ಮತ್ತು ಅದನ್ನು ನೋಡಲು ಇನ್‌ಸ್ಪೆಕ್ಟರಿಗೆ ಆಗಲಿಲ್ಲ. ಜಗಳವಾಡಿದ್ದರೆ, ಒಂದು ಬೈಗುಳ ಬೈದಿದ್ದರೆ, ಅವನು ಪಟ್ಟು ಹಿಡಿದು ನಿಲ್ಲುತ್ತಿದ್ದ.

"ಇಳೀಬೇಡ," ಎಂದ.

"ಯಾಕೆ, ಇನ್ನೊಂದು ಸುತ್ತು ಅಳೀಬೇಕಾ?"

"ಅಲ್ಲ. ಮೀಟರು ಅರ್ಧ ದಿನದಲ್ಲಿ ಸರಿ ಮಾಡಿಸಬಹುದು. ಅದು ಕುಂದೇ ಅಲ್ಲ." ಡಾಕ್ಟರು ಪಕ್ಕದಲ್ಲೇ ಇದ್ದಾನೆಂಬ ನಾಚಿಕೆ ಒಂದು ಕಡೆ. ಈಗಲ್ಲದಿದ್ದರೆ ಇನ್ನೆಂದೂ ಹೇಳಲಾರೆನೆಂಬ ಭಯ ಇನ್ನೊಂದು ಕಡೆ. "ಗಾಡಿ ಚೆನ್ನಾಗಿದೆ. ಹಿಂದಿನವುಗಳಲ್ಲೂ ಏಳೋ ಎಂಟೋ ಚೆನ್ನಾಗೇ ಇದ್ದವು. ನಾಯಿ ವಾಸನೆ ಅಂದೆನಲ್ಲ, ಅದರಲ್ಲಿ ವಾಸನೆ ಇರಲಿಲ್ಲ."

ಬೂಟು ಗಾಳಿಯಲ್ಲೇ ನಿಂತಿತು. "ಮತ್ತೆ ಯಾಕೆ ಹಾಗಂದ್ರಿ?"

"ನೀನು ಸಂಜೆ ಬಂದು ಟಬ್ಬಿನಲ್ಲಿ ಕಾಲಿಡ್ತೀಯಲ್ಲ," ಎಂದ ಅವನು. ಹೇಳುತ್ತ ಹೇಳುತ್ತ ತನಗೂ ಆಗತಾನೆ ತಿಳಿಯುತ್ತಿದೆ ಅನಿಸಿತು. "ಇಡೀ ದಿನದಲ್ಲಿ ನಾನು ಒಬ್ಬರಿಗೆ ಬೇಕಾಗೋದು ಆವಾಗ ಮಾತ್ರ. ಗಾಡಿ ಬಂದ್ರೆ ನೀನು ನಡೆಯಲ್ಲ, ಕಾಲು ನೋಯಲ್ಲ. ಆಮೇಲೆ ನಾನು ಏನು ಮಾಡ್ಲಿ?"

ಹಲ್ಲಿನ ಡಾಕ್ಟರು ಬೇರೆಲ್ಲೋ ನೋಡುವ ಪ್ರಯತ್ನ ಮಾಡಿದ. ಬೆನ್ನು ತಿರುಗದ್ದರಿಂದ ಅವರನ್ನೇ ನೋಡುತ್ತ ನಿಂತ. ಹೆಂಡತಿ ಮೆಲ್ಲಗೆ ಕಾಲನ್ನು ಒಳಗೆಳೆದುಕೊಂಡು ಸೀಟಿನಲ್ಲಿ ಸರಿಯಾಗಿ ಕುಳಿತಳು. ನಗುತ್ತಾಳೆಂದು ಅವನು ಕಾದ. ಅಯ್ಯೋ ಹುಚ್ಚಪ್ಪಾ ಎನ್ನುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ, ಎಲ್ಲ ಸರಿಹೋಗುತ್ತದೆ. "ಮೂರು ವರ್ಷ ನಡೆದೆ ಕಣ್ರೀ ನಾನು," ಎಂದಳು ಅವಳು. ದನಿ ಏರಿಸಲೂ ಇಲ್ಲ. ಬಾಗಿಲು ಎಳೆದುಕೊಂಡಳು, ಇಂಜಿನ್ನು ಗುರುಗುಟ್ಟಿತು, ಬಿಳಿ ಪ್ಲಾಸ್ಟರು ಗರಗರ ತಿರುಗುತ್ತ ಗೇಟು ದಾಟಿ ರಸ್ತೆಗಿಳಿಯಿತು.

"ಎಲ್ಲಿಗೆ ಹೋದ್ರು?" ಎಂದ ಡಾಕ್ಟರು. "ಗೊತ್ತಿಲ್ಲ." "ಎಷ್ಟು ಹೊತ್ತಿಗೆ ಬರಬಹುದು?" "ಗೊತ್ತಿಲ್ಲ." "ಫೋನು ಮಾಡಿ ನೋಡಿ." ಫೋನು ಚೀಲದಲ್ಲಿತ್ತು, ಚೀಲ ಇವನ ಕೈಯಲ್ಲಿತ್ತು. ಎಷ್ಟು, ಎಲ್ಲಿ, ಯಾವಾಗ ಎಂಬ ಪ್ರಶ್ನೆಗಳಿಗೆ ಸಂಬಳ ತೆಗೆದುಕೊಂಡು ಉತ್ತರ ಹೇಳುತ್ತಿದ್ದವನು ಈಗ ಹಲ್ಲಿನ ಡಾಕ್ಟರ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬೆಪ್ಪನಂತೆ ಕೂತಿದ್ದ. ಡಾಕ್ಟರು ಎರಡು ಲೋಟ ಕಾಫಿ ತಂದ. ತಂದವನು ಕೂರಲಿಲ್ಲ, ಗೇಟಿಗೂ ಕುರ್ಚಿಗೂ ಅಲೆದಾಡಿದ. ಅರ್ಧ ಗಂಟೆಯಾದ ಮೇಲೆ, "ಹಾಗಲ್ಲ ಸಾರ್, ಗಾಡಿ ಇನ್ನೂ ನನ್ನ ಹೆಸರಲ್ಲಿದೆ," ಎಂದ ಸಂಕೋಚದಿಂದ. ಗೇಟಿನ ಬಳಿ ನಿಂತಿದ್ದ ತಮ್ಮ ಪುಟ್ಟ ಕಾರನ್ನು ಇನ್‌ಸ್ಪೆಕ್ಟರ್ ಜಾಮೀನೆಂಬಂತೆ ತೋರಿಸಿದ. ಡಾಕ್ಟರು ಅದನ್ನು ನೋಡಿ, ರೋಗಿಯ ಬಾಯಿ ನೋಡಿದವನಂತೆ ತಲೆಯಾಡಿಸಿದ. ಅವಳು ಹೋಗಿಬಿಟ್ಟರೆ? ಆ ಎತ್ತರದಿಂದ ದೂರವೆಲ್ಲ ಕಾಣುತ್ತದೆ. ನ್ಯಾಯವಾಗಿ ನೋಡಿದರೆ ಹೋಗಬೇಕಾದದ್ದೇ. ತನ್ನನ್ನೇ ಒಂದು ತಕ್ಕಡಿಯಂತೆ ಪರೀಕ್ಷಿಸಿದರೆ ಸೀಲು ಮಾಡಿ ಗೋದಾಮಿಗೆ ಹಾಕಬೇಕು. "ಬರ್ತಾರಲ್ವಾ?" ಎಂದ ಡಾಕ್ಟರು ನಾಲ್ಕನೆಯ ಸಲ. "ಬರ್ತಾಳೆ," ಎಂದ ಇನ್‌ಸ್ಪೆಕ್ಟರ್. ಯಾವ ಆಧಾರವೂ ಇಲ್ಲದೆ ಹಾಗೆ ಹೇಳಿದ್ದು ಅವನ ಕಿವಿಗೇ ಹೊಸದಾಗಿ ಕೇಳಿಸಿತು.

ಮುಕ್ಕಾಲು ಗಂಟೆಗೆ ಬಂದಳು. ಬಾಗಿಲ ಹಿಡಿಯವರೆಗೆ ಕೆಸರು, ಉಕ್ಕಿನ ಬಂಪರಿಗೆ ಒಂದು ಮುಳ್ಳಿನ ಗಿಡ ಇಡಿಯಾಗಿ ಸಿಕ್ಕಿಕೊಂಡಿತ್ತು. ಹಲ್ಲಿನ ಡಾಕ್ಟರು "ಅಬ್ಬಾ" ಎಂದ, ಮಗ ಮೊದಲ ಸಲ ಮೈದಾನದಲ್ಲಿ ಬಿದ್ದು ಎದ್ದು ಬಂದಾಗ ಅಪ್ಪ ಅನ್ನುವ ಹಾಗೆ. "ಗುಡ್ಡದ ತುದಿ ಮನೆವರೆಗೂ ಹೋದೆ," ಎಂದಳು ಅವಳು, ಡಾಕ್ಟರಿಗೆ ಮಾತ್ರ. "ಹನ್ನೆರಡು ನಿಮಿಷ. ಹನ್ನೆರಡೇ ನಿಮಿಷ! ಆ ಮನೆ ಅಜ್ಜಿ ಕಿಟಕಿಯಿಂದ ನೋಡಿ, ಸರ್ಕಾರ ಬಂತು ಅಂತ ಕೂಗಿಕೊಂಡ್ಳು. ಡಾಕ್ಟ್ರೇ, ಗಾಡಿ ತಗೋತೀವಿ." ಡಾಕ್ಟರು ಮರುಮಾತಿಲ್ಲದೆ ಒಪ್ಪಿದ. ಕಾಗದ ಪತ್ರ ನಾಳೆ, ಪುಟ್ಟ ಕಾರು ಅಲ್ಲಿಯವರೆಗೆ ಅವನ ಅಂಗಳದಲ್ಲೇ ಇರಲಿ. ಗಾಡಿ ಮಾತ್ರ ಈಗಲೇ ಕಣ್ಣೆದುರಿನಿಂದ ಹೋಗಿಬಿಡಲಿ, ಇಲ್ಲದಿದ್ದರೆ ಮನಸ್ಸು ಬದಲಾದೀತು ಎಂದ. ಇನ್‌ಸ್ಪೆಕ್ಟರ್ ಚೀಲ ಎತ್ತಿಕೊಂಡು ಎಡಗಡೆಯ ಬಾಗಿಲಿಗೆ ಹೋದ. ಹಿಡಿ ಹಿಡಿದು ಎಳೆದ. ಒಳಗಿನಿಂದ ಚಿಲಕ ಬಿದ್ದಿತ್ತು.

ಕಿಟಕಿಯ ಗಾಜು ನಾಲ್ಕು ಬೆರಳು ಇಳಿಯಿತು. "ಚೀಲ ಕೊಡಿ," ಎಂದಳು. ಕೊಟ್ಟ. "ನೀವು ನಡ್ಕೊಂಡು ಬನ್ನಿ."

ನಡೆದ. ಇಸ್ತ್ರಿ ಮಾಡಿದ ಅಂಗಿಯ ಬೆನ್ನಿಗೆ ನೆಲದ ಧೂಳು, ಕಾಲಿಗೆ ಆಫೀಸಿನ ಬಿಗಿ ಬೂಟು. ಭಾನುವಾರದ ಬೀದಿ ಖಾಲಿಯಿತ್ತು. ಬಟ್ಟೆ ಒಣಗಿಸುತ್ತಿದ್ದ ಪಕ್ಕದ ಮನೆಯವರು ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡೇ ನೋಡಿದರು. ಮೊದಲನೆಯ ತಿರುವಿಗೆ ಹಿಮ್ಮಡಿ ಉರಿಯತೊಡಗಿತು, ಎರಡನೆಯ ತಿರುವಿಗೆ ಬೊಕ್ಕೆ ಎದ್ದದ್ದು ತಿಳಿಯಿತು. ಹೆಜ್ಜೆ ಎಣಿಸಲು ಶುರುಮಾಡಿದ್ದವನು ಎಲ್ಲೋ ಮರೆತುಬಿಟ್ಟ. ಮೂರನೆಯ ತಿರುವಿನಲ್ಲಿ ಗಾಡಿ ನಿಂತಿತ್ತು, ಇಂಜಿನ್ನು ಆರಿಸದೆ. ಎಡಗಡೆಯ ಬಾಗಿಲು ಹಾರು ಹೊಡೆದಿತ್ತು. ಅವನು ಕುಂಟುತ್ತ ಬಂದು ಬಾಗಿಲಿಗೆ ಕೈಯಿಟ್ಟ. ಹೆಂಡತಿ ನೇರ ಮುಂದಕ್ಕೇ ನೋಡುತ್ತಿದ್ದಳು; ತುಟಿಯ ಒಂದು ಕೊನೆ ಮಾತ್ರ ಹೇಳಿದ ಮಾತು ಕೇಳದೆ ಅದುರುತ್ತಿತ್ತು. ಮೆಟ್ಟಿಲು ಅವನ ಮಂಡಿಯ ಎತ್ತರಕ್ಕಿತ್ತು. ಒಂದು ಕಾಲನ್ನು ಅದರ ಮೇಲಿಟ್ಟ. ಬೂಟಿನೊಳಗೆ ಬೊಕ್ಕೆ ಒಡೆಯಿತು, ಕಣ್ಣಲ್ಲಿ ನೀರು ಬಂತು. ಅವಳಿಗೆ ಇದು ಎಷ್ಟು ಸಲ ಒಡೆದಿರಬಹುದು ಎಂದುಕೊಂಡ. ಕಾಲನ್ನು ಮತ್ತೆ ರಸ್ತೆಗಿಳಿಸಿ, ಹೊರಗಿನಿಂದಲೇ ಬಾಗಿಲು ಮುಚ್ಚಿದ.

"ನೀನು ಹೋಗ್ತಿರು," ಎಂದ. "ನಾನು ಇನ್ನಷ್ಟು ನಡೀತೀನಿ."

ಈಗ ಅವಳು ಅವನ ಕಡೆ ತಿರುಗಿದಳು. ಅಂಗಿ, ಬೂಟು, ಬೆವರು ಎಲ್ಲವನ್ನೂ ನೋಡಿದಳು. "ಎಲ್ಲಿವರೆಗೆ?"

"ನೀನು ಸಾಕು ಅನ್ನೋವರೆಗೆ."

ಅವಳು ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿದಳು. ಆಮೇಲೆ ಗೇರು ಹಾಕಿದಳು. ಅವನ ನಡಿಗೆಗೆ ಸರಿಯಾಗಿ, ಒಂದು ಹೆಜ್ಜೆ ಮುಂದೂ ಇಲ್ಲ, ಒಂದು ಹೆಜ್ಜೆ ಹಿಂದೂ ಇಲ್ಲದೆ, ಅಷ್ಟು ದೊಡ್ಡ ಗಾಡಿಯನ್ನು ರಸ್ತೆಯ ಪಕ್ಕದಲ್ಲಿ ಮೆಲ್ಲಗೆ ಓಡಿಸಿಕೊಂಡು ಬಂದಳು. ಮುಂದಿನ ತಿರುವು ಬಂತು, ಅದರ ಮುಂದಿನದೂ ಬಂತು. ಸಾಕು ಎನ್ನಲಿಲ್ಲ.